ಹದಿನೇಳು ವರ್ಷಗಳ ಬಿಡುವಿನ ನಂತರ ಒಂದು ಹಾಡು

ಜೂನ್ ತಿಂಗಳು ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾಗಳ ಎಷ್ಟೋ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟೊಟ್ಟಿಗೆ ನಡೆಯುತ್ತವೆ. ಹೊಸ ಪುಸ್ತಕಗಳಿಗೆ ಬೈಂಡು ಹಾಕುವುದು ಒಂದು. ಹತ್ತನೆಯ ತರಗತಿಗೋ ದ್ವಿತೀಯ ಪಿಯುಸಿಗೋ ಬಂದ ಮಕ್ಕಳಿದ್ದರೆ, ಅವರು ನುಡಿಸುತ್ತಿದ್ದ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುವುದು ಇನ್ನೊಂದು. ತಬಲಾ ಇರಲಿ, ಹಾರ್ಮೋನಿಯಂ ಇರಲಿ, ಮದ್ದಳೆ ಇರಲಿ, ಈಚೆಗೆ ಮನೆಮನೆಗೆ ಬಂದಿರುವ ಗಿಟಾರ್ ಇರಲಿ, ಎಲ್ಲಕ್ಕೂ ಅದೇ ಗತಿ.

“ಪರೀಕ್ಷೆ ಒಂದು ಮುಗೀಲಿ ತಮಾ, ಆಮೇಲೆ ಬೇಕಾದಷ್ಟು ಬಾರಿಸು” ಎನ್ನುತ್ತಾಳೆ ಆಯಿ. “ಅಷ್ಟೊತ್ತಿಗೆ ಎಲ್ಲ ಮರೆತು ಹೋಗಿರ್ತದೆ ಆಯಿ” ಎಂದು ಮಗ ಗೊಣಗುತ್ತಾನೆ.

ಇಬ್ಬರ ಮಾತನ್ನೂ ತಳ್ಳಿಹಾಕುವಂತಿಲ್ಲ. ಪರೀಕ್ಷೆಯ ವರ್ಷದಲ್ಲಿ ಓದಿಗೆ ಸಮಯ ಬೇಕು. ಹಾಗೆಂದು ಐದಾರು ವರ್ಷ ಕಷ್ಟಪಟ್ಟು ಕಲಿತ ವಿದ್ಯೆ ಅಟ್ಟದ ಮೇಲೆ ಧೂಳು ಹಿಡಿಯುವುದನ್ನು ನೋಡುವುದೂ ಸಂಕಟದ ಸಂಗತಿಯೇ. ಬಿಟ್ಟ ವಿದ್ಯೆ ಪೂರ್ತಿ ಹೋಗಿಬಿಡುತ್ತದೆಯೆ? ವರ್ಷಗಳ ನಂತರ ಮರಳಿದವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಮ್ಮ ದೇಶದ ಒಂದು ರಾಕ್ ಸಂಗೀತ ತಂಡದ ಕಥೆ ಬಹಳ ಉಪಯುಕ್ತವಾಗಿದೆ. ರಾಕ್ ಎಂದೊಡನೆ ತಂದೆತಾಯಂದಿರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಕಥೆ ಕೇಳಿದ ಮೇಲೆ ಅದು ನಮ್ಮ ಮನೆಯದೇ ಎನಿಸಿದರೆ ಆಶ್ಚರ್ಯವಿಲ್ಲ.

ಮುಂಬಯಿಯ ಹುಡುಗರು

1984ರಲ್ಲಿ ಮುಂಬಯಿಯಲ್ಲಿ ‘ರಾಕ್ ಮೆಷಿನ್’ ಎಂಬ ತಂಡ ಹುಟ್ಟಿತು. ರಾಕ್ ಸಂಗೀತದಲ್ಲಿ ಸಾಮಾನ್ಯವಾಗಿ ಒಬ್ಬ ಗಾಯಕ, ಒಂದೆರಡು ವಿದ್ಯುತ್ ಗಿಟಾರು, ಮಂದ್ರ ಸ್ವರಗಳಿಗೆ ಬೇಸ್ ಗಿಟಾರು, ಡ್ರಮ್ಸ್, ಕೆಲವೊಮ್ಮೆ ಕೀಬೋರ್ಡ್ ಇರುತ್ತವೆ. ವಿದ್ಯುತ್ ಗಿಟಾರಿನಲ್ಲಿ ಅಂಥ ಗೂಢವೇನೂ ಇಲ್ಲ. ಉಕ್ಕಿನ ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ತೆಳುವಾದ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಏರಿಳಿಯುತ್ತದೆ. ಸುರುಳಿಯಲ್ಲಿ ಅದೇ ಲಯದ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ. ಆ ಸಣ್ಣ ವಿದ್ಯುತ್ತನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ಗಿಟಾರಿನ ಗುಡುಗು ಸಿದ್ಧ.

ಆ ಕಾಲದ ನಮ್ಮ ದೇಶದ ರಾಕ್ ತಂಡಗಳು ಹೆಚ್ಚಾಗಿ ವಿದೇಶೀ ತಂಡಗಳ ಹಾಡುಗಳನ್ನೇ ನಕಲು ಮಾಡಿ ನುಡಿಸುತ್ತಿದ್ದವು. ಕೇಳುವವರಿಗೂ ಅದೇ ಬೇಕಿತ್ತು. ರಾಕ್ ಮೆಷಿನ್ ಮಾತ್ರ ತನ್ನದೇ ಹಾಡುಗಳನ್ನು ಕಟ್ಟುವ ಧೈರ್ಯ ಮಾಡಿತು. 1988ರಲ್ಲಿ ‘ರಾಕ್ ಆ್ಯಂಡ್ ರೋಲ್ ರೆನೆಗೇಡ್’, 1990ರಲ್ಲಿ ‘ದಿ ಸೆಕೆಂಡ್ ಕಮಿಂಗ್’ ಎಂಬ ಧ್ವನಿಸುರುಳಿಗಳು ಬಂದವು. 1993ರಲ್ಲಿ ತಂಡ ತನ್ನ ಹೆಸರನ್ನು ‘ಇಂಡಸ್ ಕ್ರೀಡ್’ ಎಂದು ಬದಲಿಸಿಕೊಂಡಿತು. ಇಂಡಸ್ ಎಂದರೆ ಸಿಂಧೂ ನದಿ. 1995ರಲ್ಲಿ ಅದೇ ಹೆಸರಿನ ಆಲ್ಬಮ್ ಹೊರಬಂತು. ತಂಡದ ಗಾಯಕ ಉದಯ್ ಬೆನೆಗಲ್, ಗಿಟಾರ್ ವಾದಕ ಮಹೇಶ್ ತಿನಾಯ್ಕರ್, ಕೀಬೋರ್ಡ್ ವಾದಕ ಜುಬಿನ್ ಬಾಲಾಪೋರಿಯಾ. ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡು ಮುಂಬಯಿ ಸೇರಿದ ಕರಾವಳಿಯ ಕುಟುಂಬಗಳು ಅನೇಕ. ಬೆನೆಗಲ್ ಎಂಬುದೂ ಉಡುಪಿ ಜಿಲ್ಲೆಯ ಒಂದು ಊರ ಹೆಸರು ಎಂಬುದನ್ನು ನಮ್ಮ ಓದುಗರು ಗಮನಿಸಿರಬಹುದು.

ಹೆಸರು, ಅಭಿಮಾನಿಗಳು, ದೂರದರ್ಶಕದ ಪರದೆ, ಎಲ್ಲವೂ ಒದಗಿ ಬಂದಿದ್ದವು. ಆದರೂ 1997ರಲ್ಲಿ ತಂಡ ನಿಂತುಹೋಯಿತು. ಗಾಯಕ ಬೆನೆಗಲ್ ನ್ಯೂಯಾರ್ಕಿಗೆ ಹೋದರು. ಅಲ್ಲಿ ‘ಆಮ್ಸ್ ಫಾರ್ ಶಾಂತಿ’ ಎಂಬ ಬೇರೊಂದು ತಂಡದಲ್ಲಿ ಹಾಡಿದರು. ಉಳಿದವರು ತಮ್ಮ ತಮ್ಮ ದಾರಿ ಹಿಡಿದರು. ಇಂಡಸ್ ಕ್ರೀಡ್ ಎಂಬ ಹೆಸರು ಹಳೆಯ ಕ್ಯಾಸೆಟ್ಟುಗಳ ಮೇಲೆ ಮಾತ್ರ ಉಳಿಯಿತು.

2010ರಲ್ಲಿ ಅದೇ ತಂಡ ಮತ್ತೆ ಕೂಡಿತು. ಬೆನೆಗಲ್, ತಿನಾಯ್ಕರ್, ಬಾಲಾಪೋರಿಯಾ ಮರಳಿದರು. ಹಳಬರೆಲ್ಲರೂ ಬರಲಿಲ್ಲ. ಬೇಸ್ ಗಿಟಾರಿಗೆ ರುಷಾದ್ ಮಿಸ್ತ್ರಿ, ಡ್ರಮ್ಸಿಗೆ ಜೈ ರಾವ್ ಕವಿ ಎಂಬ ಕಿರಿಯರು ಸೇರಿಕೊಂಡರು. 2012ರ ಏಪ್ರಿಲ್‌ನಲ್ಲಿ ಹೊಸ ಆಲ್ಬಮ್ ಬಂತು. ಹಿಂದಿನ ಆಲ್ಬಮ್ಮಿಗೂ ಇದಕ್ಕೂ ನಡುವೆ ಹದಿನೇಳು ವರ್ಷಗಳ ಅಂತರ. 1995ರಲ್ಲಿ ಹುಟ್ಟಿದ ಮಗು 2012ರಲ್ಲಿ ಪಿಯುಸಿ ಓದುತ್ತಿತ್ತು!

ಹದಿನೇಳು ವರ್ಷಗಳಲ್ಲಿ ಬದಲಾದದ್ದು

ಈ ಅಂತರ ಎಷ್ಟು ದೊಡ್ಡದೆಂದು ತಿಳಿಯಲು ನಮ್ಮ ಸುತ್ತಲೇ ನೋಡಿದರೆ ಸಾಕು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು ಅದೇ ವರ್ಷದ ಆಗಸ್ಟ್ 15ರಂದು. ಆಗ ಕುಮಟಾದಿಂದ ಮುಂಬಯಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಕುಲುಕಾಡಿಕೊಂಡೇ ಹೋಗಬೇಕಿತ್ತು. ತಂಡ ಮುರಿದ ಮರುವರ್ಷ, 1998ರ ಜನವರಿ 26ರಂದು, ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದುಕೊಂಡಿತು. ಕುಮಟಾ, ಹೊನ್ನಾವರ, ಭಟ್ಕಳಗಳಿಗೆ ರೈಲು ಬಂತು. ತಂಡ ಮತ್ತೆ ಕೂಡುವ ಹೊತ್ತಿಗೆ ಮೀನುಪೇಟೆಯಲ್ಲೂ ಮೊಬೈಲ್ ರಿಂಗಣಿಸುತ್ತಿತ್ತು.

ಹಾಡು ಜನರನ್ನು ತಲುಪುವ ದಾರಿಯೂ ಬದಲಾಯಿತು. 1995ರ ಹಾಡು ಬಂದದ್ದು ಮುಖ್ಯವಾಗಿ ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟಿನ ಟೇಪಿಗೆ ಕಬ್ಬಿಣದ ಆಕ್ಸೈಡಿನಂಥ ಕಾಂತೀಯ ಪುಡಿಯನ್ನು ಲೇಪಿಸಿರುತ್ತಾರೆ. ಟೇಪು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ವೇಗದಲ್ಲಿ ಓಡುವಾಗ ಶಬ್ದದ ಏರಿಳಿತಗಳು ಆ ಪುಡಿಯಲ್ಲಿ ಕಾಂತೀಯ ಗುರುತುಗಳಾಗಿ ಉಳಿಯುತ್ತವೆ. ಅರ್ಧ ಗಂಟೆಯ ಒಂದು ಮಗ್ಗುಲಿಗೆ ಎಷ್ಟು ಉದ್ದದ ಟೇಪು ಬೇಕು? ವಿದ್ಯಾರ್ಥಿಗಳು ಗುಣಿಸಿ ನೋಡಬಹುದು: 1,800 ಸೆಕೆಂಡುಗಳಿಗೆ ಹತ್ತಿರ ಹತ್ತಿರ 86 ಮೀಟರ್! ನಮ್ಮ ಕರಾವಳಿಯ ತೇವದ ಗಾಳಿಗೆ ಈ ಟೇಪಿನ ಮೇಲೆ ಬೂಸಲು ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು.

ಡಿಜಿಟಲ್ ವಿಧಾನದಲ್ಲಿ ಗುರುತಿನ ಬದಲು ಸಂಖ್ಯೆ ಇರುತ್ತದೆ. ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆದು ಪ್ರತಿಯೊಂದು ಅಳತೆಯನ್ನೂ ಸಂಖ್ಯೆಯಾಗಿ ಬರೆದಿಡುತ್ತಾರೆ. ಸಂಖ್ಯೆಗೆ ಬೂಸಲು ಬರುವುದಿಲ್ಲ. ನೂರು ಪ್ರತಿ ಮಾಡಿದರೂ ಸವೆಯುವುದಿಲ್ಲ. ಹೀಗೆ ಇಂಡಸ್ ಕ್ರೀಡ್ ತಂಡ ಮಲಗಿ ಎದ್ದಾಗ ಅದಕ್ಕೆ ಗೊತ್ತಿದ್ದ ಅಂಗಡಿ, ಗೊತ್ತಿದ್ದ ಯಂತ್ರ, ಗೊತ್ತಿದ್ದ ಕೇಳುಗ ಯಾವುದೂ ಹಾಗೆಯೇ ಉಳಿದಿರಲಿಲ್ಲ.

ಅಂಥ ಹೊತ್ತಿನಲ್ಲಿ ತಂಡ ತನ್ನ ಆಲ್ಬಮ್ಮಿಗೆ ಇಟ್ಟ ಹೆಸರು ‘ಇವಾಲ್ವ್’. ಅಂದರೆ ವಿಕಾಸಗೊಳ್ಳು. 1859ರಲ್ಲಿ ಪ್ರಕಟವಾದ ಚಾರ್ಲ್ಸ್ ಡಾರ್ವಿನ್ನನ ಗ್ರಂಥದಿಂದ ಲೋಕಪ್ರಸಿದ್ಧವಾದ ವಿಚಾರ ಇದು. ಜೀವಶಾಸ್ತ್ರದಲ್ಲಿ ವಿಕಾಸ ನಡೆಯುವುದು ತಲೆಮಾರುಗಳ ಅವಧಿಯಲ್ಲಿ. ಒಂದೇ ಜೀವಿ ತನ್ನ ಬಾಳಿನಲ್ಲಿ ವಿಕಾಸ ಹೊಂದುವುದಿಲ್ಲ ಎಂಬುದನ್ನು ಪರೀಕ್ಷೆಯಲ್ಲಿ ಮರೆಯಬಾರದು. ಆದರೆ ಹಾಡುಗಾರರ ತಂಡಕ್ಕೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಹಳೆಯ ಮೂವರ ಜೊತೆ ಹೊಸ ಇಬ್ಬರು ಸೇರಿದ್ದರು, ಹೊಸ ಹಾಡುಗಳನ್ನೇ ಕಟ್ಟಿದ್ದರು. 1995ರ ತಮ್ಮನ್ನೇ ತಾವು ನಕಲು ಮಾಡಲು ಹೋಗಲಿಲ್ಲ. ವಿದೇಶೀ ಹಾಡುಗಳ ನಕಲು ಬಿಟ್ಟು ಹೆಸರು ಮಾಡಿದವರು ತಮ್ಮದೇ ಹಳೆಯ ಹಾಡಿನ ನಕಲಿಗೂ ಇಳಿಯದಿದ್ದುದು ಸಹಜವೇ.

ಮರೆವಿನ ಲೆಕ್ಕ

ಹಾಗಾದರೆ ಹದಿನೇಳು ವರ್ಷಗಳ ನಂತರವೂ ಕೈಗೆ ಸ್ವರ ಹತ್ತಿದ್ದು ಹೇಗೆ? ಇವರಲ್ಲಿ ಹಲವರು ನಡುವೆ ಬೇರೆ ಬೇರೆ ಕಡೆ ಸಂಗೀತ ಮಾಡುತ್ತಲೇ ಇದ್ದರು, ನಿಜ. ಆದರೆ ಸಂಪೂರ್ಣ ನಿಲ್ಲಿಸಿದವರ ಗತಿ ಏನು?

ಮರೆವನ್ನು ಮೊಟ್ಟಮೊದಲು ಲೆಕ್ಕ ಹಾಕಿ ಅಳೆದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲಿ ಅವನ ಪುಸ್ತಕ ಪ್ರಕಟವಾಯಿತು. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಯನ್ನು ಅವನು ಬಾಯಿಪಾಠ ಮಾಡುತ್ತಿದ್ದ. ಕೆಲವು ಕಾಲದ ನಂತರ ಅದೇ ಪಟ್ಟಿಯನ್ನು ಮತ್ತೆ ಕಲಿಯುತ್ತಿದ್ದ. ಎರಡನೆಯ ಸಲ ಎಷ್ಟು ಸಮಯ ಉಳಿಯಿತು ಎಂಬುದೇ ಅವನ ಅಳತೆ. ‘ನೆನಪಿದೆಯೇ?’ ಎಂದು ಕೇಳುವುದಕ್ಕಿಂತ ‘ಮತ್ತೆ ಕಲಿಯಲು ಎಷ್ಟು ಕಡಿಮೆ ಸಾಕು?’ ಎಂದು ಕೇಳಿದ್ದು ಅವನ ಜಾಣತನ.

ಅವನಿಗೆ ಸಿಕ್ಕ ಉತ್ತರ ಹೀಗಿದೆ. ಒಂದು ಗಂಟೆಯ ನಂತರ ಶೇಕಡಾ 44ರಷ್ಟು ಉಳಿತಾಯ. ಒಂದು ದಿನದ ನಂತರ ಶೇಕಡಾ 34. ಮೂವತ್ತೊಂದು ದಿನಗಳ ನಂತರ ಶೇಕಡಾ 21. ಗಮನಿಸಿ: ಮೊದಲ ದಿನದಲ್ಲೇ ಮೂರನೇ ಎರಡು ಪಾಲು ಸೋರಿಹೋಯಿತು, ಆ ನಂತರದ ಇಡೀ ತಿಂಗಳಿನಲ್ಲಿ ಹೋದದ್ದು ಹದಿಮೂರು ಮಾತ್ರ. ಮರೆವು ಮೊದಲು ಓಡುತ್ತದೆ, ಆಮೇಲೆ ತೆವಳುತ್ತದೆ. ಅಳಿದುಳಿದದ್ದು ಬಹುಕಾಲ ಬಾಳುತ್ತದೆ. 2015ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಇದೇ ಬಗೆಯ ವಕ್ರರೇಖೆ ಬಂತು.

ಎಬ್ಬಿಂಗ್‌ಹೌಸ್ ಇನ್ನೊಂದು ಪ್ರಯೋಗವನ್ನೂ ಮಾಡಿದ. ಇಂಗ್ಲಿಷ್ ಕವಿ ಬೈರನ್ನನ ಕಾವ್ಯದ ಪದ್ಯಗಳನ್ನು ಒಮ್ಮೆ ಕಲಿತಿದ್ದವನು ಇಪ್ಪತ್ತೆರಡು ವರ್ಷಗಳ ನಂತರ ಅವನ್ನೇ ಮತ್ತೆ ಕಲಿತ. ಹಿಂದೆ ಕಲಿತಿದ್ದ ಪದ್ಯಗಳಿಗೆ ಹೊಸ ಪದ್ಯಗಳಿಗಿಂತ ಕಡಿಮೆ ಸಮಯ ಸಾಕಾಯಿತು. ಕಲಿತದ್ದು ಮೇಲ್ನೋಟಕ್ಕೆ ಕಾಣದಿದ್ದರೂ ಒಳಗೆ ಎಲ್ಲೋ ಕುಳಿತಿರುತ್ತದೆ ಎಂದಾಯಿತು. ಬೇಸಿಗೆಯಲ್ಲಿ ಬರಿದಾಗಿ ಕಂಡ ಹಿತ್ತಲಿನಲ್ಲಿ ಮೊದಲ ಮಳೆಗೆ ಕೆಸುವು ತಾನಾಗಿ ಚಿಗುರುವುದಿಲ್ಲವೆ? ಮಣ್ಣಿನೊಳಗೆ ಗೆಡ್ಡೆ ಇದ್ದೇ ಇರುತ್ತದೆ.

ಕೈಯ ನೆನಪು

ಇದು ಮಾತಿನ ನೆನಪಿನ ವಿಷಯವಾಯಿತು. ವಾದ್ಯ ನುಡಿಸುವ ವಿದ್ಯೆ ಅದಕ್ಕಿಂತ ಗಟ್ಟಿ. ಈಜು ಕಲಿತವನು, ಸೈಕಲ್ ಕಲಿತವನು ಹತ್ತು ವರ್ಷ ಬಿಟ್ಟರೂ ಮರೆಯುವುದಿಲ್ಲ ಎಂಬುದು ಶರಾವತಿ ದಂಡೆಯ ಮಕ್ಕಳಿಗೆಲ್ಲ ಗೊತ್ತು. ಮೆದುಳಿನಲ್ಲಿ ಸಂಗತಿಗಳ ನೆನಪಿಗೂ ಕೌಶಲದ ನೆನಪಿಗೂ ಬೇರೆ ಬೇರೆ ವ್ಯವಸ್ಥೆಗಳಿವೆ.

ಇದನ್ನು ತೋರಿಸಿಕೊಟ್ಟ ಘಟನೆ ಪ್ರಸಿದ್ಧವಾದದ್ದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗದ ಚಿಕಿತ್ಸೆಗಾಗಿ ಮೆದುಳಿನ ಶಸ್ತ್ರಕ್ರಿಯೆ ನಡೆಯಿತು. ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆಯಲಾಯಿತು. ಆ ಮೇಲೆ ಅವರಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಂದ ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಚಿತ್ರದ ಅಂಚಿನ ಮೇಲೆ ಗೆರೆ ಎಳೆಯಿಸಿದರು. ಮನೆಯಲ್ಲಿ ಮಾಡಿ ನೋಡಿದರೆ ಇದೆಷ್ಟು ಕಷ್ಟವೆಂದು ತಿಳಿಯುತ್ತದೆ; ಕೈ ಎತ್ತಲೋ ಹೋಗುತ್ತದೆ. ಮೂರು ದಿನಗಳ ಅಭ್ಯಾಸದಲ್ಲಿ ಅವರ ತಪ್ಪುಗಳು ಕಡಿಮೆಯಾಗುತ್ತ ಬಂದವು. ವಿಚಿತ್ರವೆಂದರೆ, ಆ ಕೆಲಸವನ್ನು ಹಿಂದೆ ಮಾಡಿದ ನೆನಪೇ ಅವರಿಗಿರಲಿಲ್ಲ. ಮನಸ್ಸು ಮರೆತಿತ್ತು, ಕೈ ಮರೆತಿರಲಿಲ್ಲ. 1962ರಲ್ಲಿ ಪ್ರಕಟವಾದ ಈ ಪ್ರಯೋಗ ಇಂದಿಗೂ ಪಠ್ಯಗಳಲ್ಲಿದೆ.

ಹಾಗಾಗಿ ತಬಲಾ ಬಿಟ್ಟ ಹುಡುಗ ಬೋಲುಗಳನ್ನು ಬಾಯಲ್ಲಿ ಹೇಳಲು ತಡವರಿಸಿದರೂ ಬೆರಳು ತಾನಾಗಿ ಸ್ಥಾನ ಹುಡುಕಿಕೊಳ್ಳುತ್ತದೆ. ಆದರೆ ಎಲ್ಲವೂ ಉಳಿಯುತ್ತದೆ ಎಂದು ಹೇಳಿದರೆ ಸುಳ್ಳಾದೀತು. ವೇಗ ಕುಗ್ಗುತ್ತದೆ. ಬೆರಳಿನ ನಯ ಹೋಗುತ್ತದೆ. ಗಿಟಾರ್ ನುಡಿಸುವವರ ಬೆರಳ ತುದಿಯ ಗಟ್ಟಿ ಚರ್ಮ ಮೆತ್ತಗಾಗಿ, ಮತ್ತೆ ಹಿಡಿದಾಗ ತಂತಿ ಚುಚ್ಚುತ್ತದೆ. ಮೊದಲ ಕೆಲವು ವಾರ ಬಹಳ ನಿರಾಸೆಯಾಗುತ್ತದೆ. ಎಷ್ಟೋ ಮಂದಿ ಇಲ್ಲಿಯೇ ಕೈಚೆಲ್ಲಿ, ‘ನನ್ನಿಂದ ಇನ್ನಾಗದು’ ಎಂದು ವಾದ್ಯವನ್ನು ಮತ್ತೆ ಅಟ್ಟಕ್ಕೇರಿಸುತ್ತಾರೆ. ಎಬ್ಬಿಂಗ್‌ಹೌಸನ ಲೆಕ್ಕ ನೆನಪಿರಬೇಕಾದದ್ದು ಆಗಲೇ. ಮೊದಲ ಸಲ ಕಲಿಯಲು ಬೇಕಾದಷ್ಟು ಕಾಲ ಎರಡನೆಯ ಸಲ ಬೇಡ.

ಒಡೆದ ಧ್ವನಿ

ಹಾಡುವ ಗಂಡುಮಕ್ಕಳಿಗೆ ಪರೀಕ್ಷೆಗೆ ಮೊದಲೇ ಪ್ರಕೃತಿಯೇ ಒಂದು ಬಿಡುವು ಕೊಡುತ್ತದೆ. ಹದಿಮೂರು ಹದಿನಾಲ್ಕರ ಹೊತ್ತಿಗೆ ಗಂಟಲಗೂಡು ಬೆಳೆದು ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಉದ್ದನೆಯ ತಂತಿ ನಿಧಾನವಾಗಿ ಕಂಪಿಸುತ್ತದೆ ಎಂಬ ಪಾಠ ಇಲ್ಲಿಗೂ ಸಲ್ಲುತ್ತದೆ. ಧ್ವನಿ ಸುಮಾರು ಒಂದು ಸಪ್ತಕದಷ್ಟು ಇಳಿಯುತ್ತದೆ, ಅಂದರೆ ಕಂಪನಾಂಕ ಅರ್ಧಕ್ಕೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಧ್ವನಿ ಒಡೆದು ಕೀರಲಾಗುತ್ತದೆ. ಶಾಲೆಯ ಪ್ರಾರ್ಥನೆಗೆ ಮುಂದೆ ನಿಂತು ಹಾಡುತ್ತಿದ್ದ ಹುಡುಗ ಒಂದು ದಿನ ಎಲ್ಲರೂ ನಕ್ಕರೆಂದು ಬಾಯಿ ಮುಚ್ಚಿದರೆ, ಮತ್ತೆ ತೆರೆಯದೇ ಇರಬಹುದು. ‘ಕಂಠ ಹೋಯ್ತು’ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಕಂಠ ಎಲ್ಲಿಗೂ ಹೋಗಿರುವುದಿಲ್ಲ; ಹೊಸ ಶ್ರುತಿಗೆ ಬರುತ್ತಿರುತ್ತದೆ. ಅವನು ಹಳೆಯ ಶ್ರುತಿಯಲ್ಲೇ ಹಾಡಲು ಹಟ ಹಿಡಿಯದೆ, ಗಂಟಲಿಗೆ ಆಯಾಸವಾಗದಂತೆ ತಗ್ಗಿಸಿ ಹಾಡಿಕೊಂಡಿದ್ದರೆ ಸಾಕು.

ವಯಸ್ಸಾದವರ ಧ್ವನಿಯೂ ಹೀಗೆ ಬದಲಾಗುತ್ತದೆ. ಸ್ವೀಡನ್ನಿನ ‘ಆಬ್ಬಾ’ ಎಂಬ ಜನಪ್ರಿಯ ತಂಡ 1981ರಲ್ಲಿ ‘ದಿ ವಿಸಿಟರ್ಸ್’ ಎಂಬ ಆಲ್ಬಮ್ ತಂದ ಮೇಲೆ ನಿಂತುಹೋಗಿತ್ತು. ನಾಲ್ವರೂ ಮತ್ತೆ ಸೇರಿ ‘ವಾಯೇಜ್’ ಎಂಬ ಆಲ್ಬಮ್ ಹೊರತಂದದ್ದು 2021ರ ನವೆಂಬರಿನಲ್ಲಿ, ನಲವತ್ತು ವರ್ಷಗಳ ನಂತರ. ಇಬ್ಬರು ಗಾಯಕಿಯರೂ ಆಗ ಎಪ್ಪತ್ತು ದಾಟಿದ್ದರು. ಹೆಣ್ಣುಮಕ್ಕಳ ಧ್ವನಿ ವಯಸ್ಸಿನೊಂದಿಗೆ ಸಾಮಾನ್ಯವಾಗಿ ತಗ್ಗುತ್ತದೆ. ಆ ಆಲ್ಬಮ್ಮಿನಲ್ಲಿ ಒಂದು ಸ್ವಾರಸ್ಯವಿದೆ: ‘ಜಸ್ಟ್ ಎ ನೋಷನ್’ ಎಂಬ ಒಂದು ಹಾಡಿಗೆ 1978ರಲ್ಲಿ ಮುದ್ರಿಸಿಟ್ಟಿದ್ದ ಧ್ವನಿಗಳನ್ನೇ ಬಳಸಿ, ವಾದ್ಯಗಳನ್ನು ಮಾತ್ರ ಹೊಸದಾಗಿ ನುಡಿಸಿದ್ದಾರೆ. ಒಂದೇ ಆಲ್ಬಮ್ಮಿನಲ್ಲಿ ಅದೇ ಗಾಯಕಿಯರ ಯೌವನದ ಧ್ವನಿಯನ್ನೂ ಮುಪ್ಪಿನ ಧ್ವನಿಯನ್ನೂ ಹೋಲಿಸಿ ಕೇಳಬಹುದು. ಅಮೆರಿಕದ ‘ಈಗಲ್ಸ್’ ರಾಕ್ ತಂಡಕ್ಕೂ 1979ರ ಆಲ್ಬಮ್ಮಿನ ನಂತರ ಪೂರ್ತಿ ಹೊಸ ಹಾಡುಗಳ ಸ್ಟುಡಿಯೊ ಆಲ್ಬಮ್ ತರಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಅದು ಬಂದದ್ದು 2007ರಲ್ಲಿ.

ನಮ್ಮ ಕಡಲತೀರದ ಬಿಡುವು

ಬಿಡುವು ಎಂದರೆ ಸೋಲು ಎಂಬ ಭಾವನೆ ನಮ್ಮ ಕರಾವಳಿಗೆ ಹೊರಗಿನದು. ಇಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮೀನುಗಳ ಸಂತಾನಾಭಿವೃದ್ಧಿಯ ಕಾಲವದು. ಭಟ್ಕಳದ ಬಂದರಿನಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ, ಕುಮಟಾ ತಾಲ್ಲೂಕಿನ ತದಡಿಯಲ್ಲಿ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಆದರೆ ನಿಂತ ದೋಣಿಯನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಬಲೆ ಹೆಣೆಯುತ್ತಾರೆ, ಎಂಜಿನ್ ಬಿಚ್ಚಿ ಕಟ್ಟುತ್ತಾರೆ, ಬಣ್ಣ ಬಳಿಯುತ್ತಾರೆ. ಆಗಸ್ಟ್ ತಿಂಗಳ ಸಮುದ್ರಕ್ಕೆ ಅದೇ ದೋಣಿ ಬೇಕಲ್ಲ.

ಯಕ್ಷಗಾನದ ಮೇಳಗಳೂ ಹೀಗೆಯೇ. ಮಳೆಗಾಲ ಹಿಡಿಯುವ ಹೊತ್ತಿಗೆ ತಿರುಗಾಟ ಮುಗಿದು ಗೆಜ್ಜೆ ಬಿಚ್ಚುತ್ತಾರೆ. ದೀಪಾವಳಿಯ ಆಚೀಚೆ ಮತ್ತೆ ಕಟ್ಟುತ್ತಾರೆ. ಹೊನ್ನಾವರ ತಾಲ್ಲೂಕಿನ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ಮುಂದೆ ನಡೆಸಿದ ಅವರ ಮಗ ಶಂಭು ಹೆಗಡೆಯವರು ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದವರು. ಊರಿನ ರಂಗದಿಂದ ದೂರ ಹೋಗಿ ಕಳೆದ ಆ ಕಾಲ ವ್ಯರ್ಥವಾಗಲಿಲ್ಲ. ಅಲ್ಲಿ ಪಡೆದ ಕಣ್ಣು ಮರಳಿ ಬಂದ ಮೇಲೆ ಮೇಳದ ಆಟಕ್ಕೆ ಒದಗಿತು. ಮಗು ಓದಿಗಾಗಿ ಬೆಂಗಳೂರಿಗೋ ಮಂಗಳೂರಿಗೋ ಹೋಗುತ್ತದೆ ಎಂದು ಮರುಗುವ ಮನೆಗಳು ಈ ಉದಾಹರಣೆಯನ್ನು ನೆನೆಯಬಹುದು.

ಎಂದೂ ನಿಲ್ಲಿಸದವರ ದಾರಿಯೂ ಇದೆ. ಹೊನ್ನಾವರ ತಾಲ್ಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ. ಇಂಡಸ್ ಕ್ರೀಡ್ ಮರಳಿ ಬಂದ 2012ರಲ್ಲೇ ಅವರಿಗೆ ಪದ್ಮಶ್ರೀ ಬಂತು. 2017ರಲ್ಲಿ ತೀರಿಕೊಂಡ ಅವರು ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿ ಕುಣಿದವರು. ಅಂಥ ಅಖಂಡ ಸಾಧನೆಗೆ ಸರಿಸಾಟಿ ಇಲ್ಲ. ಆದರೆ ಎಲ್ಲ ಮಕ್ಕಳೂ ಚಿಟ್ಟಾಣಿಯವರಾಗಲಾರರು. ನಿಲ್ಲಿಸಬೇಕಾಗಿ ಬಂದವರಿಗೂ ಒಂದು ದಾರಿ ಇರಬೇಕು.

ಬಾಗಿಲು ಮುಚ್ಚದಿರಲಿ

ಇಂಡಸ್ ಕ್ರೀಡ್ ತಂಡದ ಹಳಬರಲ್ಲಿ ಕೆಲವರು ಮರಳಲಿಲ್ಲ ಎಂಬುದನ್ನು ಮೇಲೆ ಹೇಳಿದ್ದಾಗಿದೆ. ವಿದ್ಯೆ ಒಳಗೆ ಉಳಿದಿದ್ದರೂ ಮರಳಲು ಬೇರೆ ಅನುಕೂಲಗಳೂ ಬೇಕು. ಮನೆಗಳಲ್ಲಿ ಮರಳುವ ದಾರಿ ಮುಚ್ಚಿಹೋಗುವುದು ಹೆಚ್ಚಾಗಿ ಮರೆವಿನಿಂದಲ್ಲ. ವಾದ್ಯವನ್ನು ಮಾರಿರುತ್ತಾರೆ. ಇಲ್ಲವೇ ಅಟ್ಟದಲ್ಲಿ ಅದು ಹಾಳಾಗಿರುತ್ತದೆ. ಗುರುಗಳ ಸಂಪರ್ಕ ತಪ್ಪಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ‘ಇನ್ನೂ ಅದೇ ಹುಚ್ಚೆ?’ ಎಂಬ ಒಂದು ಮಾತು ಮಗುವಿನ ಮನಸ್ಸಿನಲ್ಲಿ ಮುಳ್ಳಾಗಿ ಕುಳಿತಿರುತ್ತದೆ.

ಇವಕ್ಕೆಲ್ಲ ಉಪಾಯ ಕಷ್ಟದ್ದಲ್ಲ. ನಮ್ಮ ಗಾಳಿಯಲ್ಲಿ ಉಪ್ಪೂ ಇದೆ, ತೇವವೂ ಇದೆ. ಉಕ್ಕಿನ ತಂತಿಗೆ ಇವೆರಡೂ ಸೇರಿದರೆ ತುಕ್ಕು ಖಂಡಿತ. ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಒರೆಸಬೇಕು. ಚರ್ಮದ ವಾದ್ಯಗಳಿಗೆ ಗಾಳಿಯಾಡುವ ಒಣ ಜಾಗ ಬೇಕು. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಬೂಸಲು ಹಿಡಿಯುತ್ತದೆ. ಹಾರ್ಮೋನಿಯಂ ತಿದಿಗೆ ಜಿರಳೆಯ ಕಾಟ ತಪ್ಪಿಸಬೇಕು. ಅಟ್ಟಕ್ಕಿಂತ ಓದುವ ಕೋಣೆಯ ಗೋಡೆಯೇ ಒಳ್ಳೆಯದು. ಕಣ್ಣಿಗೆ ಬೀಳುವ ವಾದ್ಯವನ್ನು ಕೈ ಮರೆಯುವುದಿಲ್ಲ.

ಸಾಧ್ಯವಾದರೆ ಪೂರ್ತಿ ನಿಲ್ಲಿಸುವುದೂ ಬೇಡ. ದಿನಕ್ಕೆ ಹದಿನೈದು ನಿಮಿಷ ಓದಿಗೆ ಅಡ್ಡಿಯಾಗದು. ವಾರಕ್ಕೊಮ್ಮೆ ಎರಡು ಗಂಟೆ ಕುಳಿತು ನುಡಿಸುವುದಕ್ಕಿಂತ ದಿನಾ ಸ್ವಲ್ಪ ನುಡಿಸಿದ್ದು ಹೆಚ್ಚು ನಿಲ್ಲುತ್ತದೆ. ಬಿಡುವು ಕೊಟ್ಟು ಕೊಟ್ಟು ಮಾಡಿದ ಅಭ್ಯಾಸ ಒಂದೇ ಸಲದ ಅಭ್ಯಾಸಕ್ಕಿಂತ ಮೇಲು ಎಂಬುದು ಪಠ್ಯಪುಸ್ತಕದ ಓದಿಗೂ ಸಲ್ಲುವ ಮಾತು. ಪರೀಕ್ಷೆಯ ಹಿಂದಿನ ರಾತ್ರಿ ಕುಳಿತು ಇಡೀ ಪಾಠ ಮುಗಿಸುವವರು ಇದನ್ನು ಎರಡು ಸಲ ಓದಬೇಕು.

ನಿಲ್ಲಿಸಲೇಬೇಕಾಗಿ ಬಂದರೆ ನಿಲ್ಲಿಸುವ ಕ್ರಮವೊಂದಿದೆ. ‘ಸಂಗೀತ ಬಿಡು’ ಎಂಬ ಮಾತು ಬೇಡ. ‘ಇಂಥ ತಿಂಗಳವರೆಗೆ ಬಿಡುವು’ ಎಂದು ಹೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಮಗುವಿಗೆ ಧೈರ್ಯ. ಗುರುಗಳ ಮನೆಗೆ ಹೋಗಿ ಹೇಳಿ ಬಂದರೆ ಅವರ ಬಾಗಿಲೂ ತೆರೆದಿರುತ್ತದೆ. ತನಗೆ ಬರುವುದರಲ್ಲಿ ಒಂದೆರಡನ್ನು ಮೊಬೈಲಿನಲ್ಲಿ ಮುದ್ರಿಸಿಟ್ಟುಕೊಂಡರೆ ಮರಳುವ ದಿನ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತದೆ.

ಮರಳಿದ ಮೊದಲ ತಿಂಗಳು ಯಾರ ಮುಂದೆಯೂ ನುಡಿಸಲು ಒತ್ತಾಯಿಸಬಾರದು. ಹಿಂದೆ ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬಂದಿತ್ತೆಂದು ನೆಂಟರ ಮುಂದೆ ಕೂರಿಸಿದರೆ ಮಗು ಇಂದಿನ ಕೈಯನ್ನು ಅಂದಿನ ಕೈಯೊಡನೆ ಹೋಲಿಸಿ ಕುಗ್ಗುತ್ತದೆ. ಮಗುವಿಗೂ ವಯಸ್ಸಾಗಿದೆ, ಅಭಿರುಚಿ ಬದಲಾಗಿದೆ. ಭಜನೆ ಹಾಡುತ್ತಿದ್ದವಳು ಭಾವಗೀತೆಗೆ ಹೊರಳಬಹುದು, ತಬಲಾ ಬಿಟ್ಟವನು ಚಂಡೆ ಹಿಡಿಯಬಹುದು. ಮುಂಬಯಿಯ ಆ ತಂಡ ತನ್ನ ಆಲ್ಬಮ್ಮಿಗೆ ಇಟ್ಟ ಹೆಸರನ್ನು ಇಲ್ಲಿ ನೆನೆದುಕೊಂಡರೆ ಹಿರಿಯರಿಗೆ ಇದು ಕೊರತೆಯಾಗಿ ಕಾಣಲಾರದು.

ಮಾರ್ಚ್, ಏಪ್ರಿಲ್‌ಗಳಲ್ಲಿ ಪರೀಕ್ಷೆ ಮುಗಿಯುತ್ತದೆ. ಫಲಿತಾಂಶ ಬರುವ ಮುಂಚೆ ಕೆಲವು ವಾರಗಳ ಕಾಲ ಮನೆಯಲ್ಲಿ ಎಲ್ಲರಿಗೂ ಏನೋ ಕಾತರ, ಏನೋ ಖಾಲಿತನ. ವಾದ್ಯದ ಬಟ್ಟೆ ಬಿಚ್ಚಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಫಲಿತಾಂಶ ಹೇಗೇ ಬರಲಿ, ಅದಕ್ಕೂ ಮುಂಚೆಯೇ ಆಯಿ ತಾನಾಗಿ ವಾದ್ಯವನ್ನು ತಂದು ಮಗನ ಮುಂದಿಟ್ಟು, “ಬಾರಿಸು ತಮಾ, ಕೇಳದೆ ಬಹಳ ದಿನವಾಯ್ತು” ಎಂದರೆ, ಜೂನ್ ತಿಂಗಳಲ್ಲಿ ಕೊಟ್ಟ ಮಾತನ್ನು ಉಳಿಸಿಕೊಂಡಂತಾಯಿತು.